ಯಜಮಾನನ ಉಸಿರು

ಬೈರಾಪಟ್ಟಣದ ನೆರೆಯ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ತಿರುಗುವ ಬೊಂಬೆಗೆ ಅರಗಿನ ಬಣ್ಣವೇರಿಸುವರು. ಉಳಿ ಹಿಡಿದಿರುವಾಗ ಯಜಮಾನನು ಗದರಿದರೆ ಕೆಲಸಗಾರನ ಕೈ ನಡುಗುವುದು. ಆಗ ಕೆಡುವುದು ಬೊಂಬೆಯೊಂದೇ ಅಲ್ಲ, ಬೆರಳಿಗೂ ಅಪಾಯ.

ಕ್ರೋಧವೇರಿದಾಗ ನಾಡಿಯ ಬಡಿತ ಹೆಚ್ಚಿ, ಉಸಿರು ಮೊಟಕಾಗಿ, ವಿವೇಚನೆ ಕುಗ್ಗುವುದು. ನಿಶ್ವಾಸವನ್ನು ದೀರ್ಘಗೊಳಿಸಿದರೆ ವೇಗಸ್ ಎಂಬ ನರವು ಹೃದಯದ ಓಟವನ್ನು ತಗ್ಗಿಸುವುದೆಂದು ಶರೀರಶಾಸ್ತ್ರವು ತಿಳಿಸುತ್ತದೆ. ಶರಣರು ನರದ ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟವನ ಉಸಿರು ತಾನಾಗಿಯೇ ನಿಧಾನಿಸುವುದು. 12ನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರವನ್ನು ನಿರ್ವಹಿಸಿದ ಬಸವಣ್ಣನವರು ಲೆಕ್ಕ-ಅಧಿಕಾರಗಳ ನಡುವೆಯೇ ಲಿಂಗನಿಷ್ಠರಾಗಿದ್ದರು.

ಬೆಳಗಿನ ಪೂಜೆಯ ಆ ನಿಧಾನವು ಕಾರ್ಖಾನೆಯ ಬಾಗಿಲು ತೆರೆಯುವಷ್ಟರಲ್ಲಿ ಕರಗಿದರೆ ಫಲವೇನು? ಸರಕು ಸೀಳಿತೆಂದು ಕೇಳಿದಾಗ ಯಜಮಾನನು ಮೂರು ಬಾರಿ ದೀರ್ಘವಾಗಿ ಉಸಿರು ಬಿಟ್ಟು, ಪಂಚಾಕ್ಷರಿಯನ್ನು ನೆನೆದು, ಬಳಿಕ ಕಾರಣ ಕೇಳಲಿ. ಹೆದರಿಕೆಯಿಲ್ಲದ ಕೆಲಸಗಾರನು ಮರ ಇನ್ನೂ ಹಸಿಯಾಗಿತ್ತೆಂಬ ನಿಜವನ್ನು ಹೇಳುವನು.