ಮೊಲದ ಮರಿಗೆ ಹೊಲದ ಬಳ್ಳಿ, ಕಣದ ಹೊಟ್ಟು

ಹುಳಿಯಾರು ಸಮೀಪದ ಕೆಂಕೆರೆ ಸೀಮೆಯಲ್ಲಿ ತೆಂಗಿನ ತೋಟದ ಮಗ್ಗುಲಿಗೇ ಖುಷ್ಕಿ ಹೊಲ ಇರುತ್ತದೆ. ಪೂರ್ವ ಮುಂಗಾರಿಗೆ ಹೆಸರು, ಅಲಸಂದೆ; ಆಮೇಲೆ ರಾಗಿ, ಅದರ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ; ಕೊನೆಗೆ ಹುರುಳಿ. ತೋಟದ ನೆರಳಲ್ಲಿ ಗೂಡು ಇಟ್ಟು ಮೊಲ ಸಾಕುವವರಿಗೆ ಈ ಬೆಳೆಗಳ ಬಳ್ಳಿ, ಹೊಟ್ಟು ಒಳ್ಳೆಯ ಮೇವು. ಮೊಲ ಸಾಕಣೆಯಲ್ಲಿ ದೊಡ್ಡ ಖರ್ಚು ಆಹಾರದ್ದೇ. ಅಂಗಡಿಯ ಗುಳಿಗೆ ಆಹಾರವನ್ನು ಅರ್ಧಕ್ಕೆ ಇಳಿಸಿದರೂ ಸಾಕಷ್ಟು ಉಳಿತಾಯ. ಆದರೆ ಬೆಳೆಯುವ ಮರಿಗೆ ಪೂರ್ತಿ ಬಳ್ಳಿಯನ್ನೇ ಹಾಕಿದರೆ ಅದು ಸೊರಗುತ್ತದೆ.

ಯಾವುದು ಲೇಸು? ಎಲೆ ಉಳಿದಿರುವ ಕಡಲೆಕಾಯಿ ಬಳ್ಳಿಗೆ ಮೊದಲ ಸ್ಥಾನ. ಅಲಸಂದೆ, ಹೆಸರು, ಅವರೆ, ಹುರುಳಿ ಬಳ್ಳಿ ಅದರ ನಂತರ. ಗೆಣಸಿನ ಬಳ್ಳಿ ಸಿಕ್ಕರೆ ಬಾಡಿಸಿ ಕೊಡಿ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಅದನ್ನು ಕಡಿಯಲು ಒಂದು ಹಿಡಿ ಹಾಕಬಹುದು, ಅದರಿಂದ ಮರಿ ಬೆಳೆಯದು.

ಒಣಗಿಸುವುದು. ಫಲ ನಿಂತಿರುವುದು ಈ ಕೆಲಸದ ಮೇಲೆಯೇ. ಪ್ರೋಟೀನ್ ಇರುವುದು ಎಲೆಯಲ್ಲಿ, ಬಿಸಿಲಿಗೆ ಗರಿಗರಿಯಾದಾಗ ಮೊದಲು ಉದುರುವುದೂ ಎಲೆಯೇ. ಕಾಯಿ ಬಿಡಿಸಿದ ಕೂಡಲೇ ಬಳ್ಳಿಯ ಮಣ್ಣು ಕೊಡವಿ, ಬೇರು ಕತ್ತರಿಸಿ ಹಾಕಿ. ಒಂದು ದಿನ ಬಿಸಿಲಿಗೆ ಬಾಡಿಸಿ, ಆಮೇಲೆ ತೆಂಗಿನ ನೆರಳಲ್ಲಿ ತೆಳುವಾಗಿ ಹರಡಿ ತಿರುವುತ್ತಿರಿ. ಬೆಳಗಿನ ತಂಪಿನಲ್ಲಿ ಎಲೆ ಮೆತ್ತಗಿರುವಾಗ ಕಂತೆ ಕಟ್ಟಿದರೆ ಉದುರುವುದು ಕಡಿಮೆ. ಕಡ್ಡಿ ಮುರಿದಾಗ ಪಟಕ್ಕನೆ ತುಂಡಾಗಬೇಕು. ಬಾಗಿದರೆ ಇನ್ನೂ ಪಸೆ ಇದೆ ಎಂದರ್ಥ, ಅಟ್ಟಕ್ಕೆ ಹಾಕಬೇಡಿ. ಹೆಸರಿನ ಒಕ್ಕಣೆ ಮಳೆಗಾಲದಲ್ಲೇ ಬರುವುದರಿಂದ ಅದರ ಬಳ್ಳಿಗೆ ಬೂಸಲು ಬೇಗ ಹಿಡಿಯುತ್ತದೆ. ಬೂಸಲು ವಾಸನೆ ಬಂದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಬೂಸಲಿನ ವಿಷವನ್ನು ಮೊಲ ದನದಷ್ಟು ತಡೆದುಕೊಳ್ಳುವುದಿಲ್ಲ.

ಅಭ್ಯಾಸ ಮಾಡಿಸುವುದು. ಮರಿಗಳನ್ನು ಸಾಮಾನ್ಯವಾಗಿ 30ರಿಂದ 35 ದಿನಕ್ಕೆ ತಾಯಿಯಿಂದ ಬೇರ್ಪಡಿಸುತ್ತಾರೆ. ಆ ವಾರ ಹಳೆಯ ಆಹಾರವನ್ನೇ ಮುಂದುವರಿಸಿ. ಮೊಲಕ್ಕೆ ಮೆಲುಕು ಇಲ್ಲ. ನಾರು ಹುಳಿಯುವುದು ದೊಡ್ಡ ಕರುಳಿನ ಆರಂಭದ ಚೀಲದಲ್ಲಿ, ಸೂಕ್ಷ್ಮಜೀವಿಗಳಿಂದ. ಆಹಾರ ಒಮ್ಮೆಲೇ ಬದಲಾದರೆ ಅವುಗಳ ಸಮತೋಲ ಕೆಟ್ಟು ಮರಿ ಭೇದಿಯಿಂದ ಸಾಯುತ್ತದೆ. ಆದ್ದರಿಂದ ಮುಂದಿನ ವಾರ ಕಾಲು ಭಾಗ ಬಳ್ಳಿ, ಅದರ ಮುಂದಿನ ವಾರ ಅರ್ಧ. ಆ ಅರ್ಧವನ್ನು ದಾಟಬೇಡಿ. ರಾತ್ರಿ ಮೊಲ ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದು ಕಂಡರೆ ಗಾಬರಿ ಬೇಡ, ಅದಕ್ಕೆ ಬೇಕಾದ ಪೋಷಕಾಂಶ ಅದರಲ್ಲಿದೆ.

ಎಷ್ಟು? ಆರು ವಾರದ ಮರಿಗೆ ದಿನಕ್ಕೆ ಒಟ್ಟು 50–60 ಗ್ರಾಂ ಒಣ ಆಹಾರ, ಮೂರು ತಿಂಗಳ ಹೊತ್ತಿಗೆ 100–120 ಗ್ರಾಂ. ಬಳ್ಳಿಯನ್ನು ಬೆರಳುದ್ದ ಕತ್ತರಿಸಿ ಗೂಡಿನ ಪಕ್ಕದ ಜಾಲರಿಗೆ ಸಿಕ್ಕಿಸಿ. ನೆಲಕ್ಕೆ ಹಾಕಿದರೆ ಗಲೀಜಾಗಿ ಅರ್ಧ ಹಾಳು. ಬಳ್ಳಿಯನ್ನು ಹೆಚ್ಚಾಗಿ ಸಂಜೆ ಕೊಡಿ, ಮೊಲ ಚೆನ್ನಾಗಿ ಮೇಯುವುದು ಕತ್ತಲಾದ ಮೇಲೆ.

ಉಳಿದರ್ಧಕ್ಕೆ ಮನೆಯಲ್ಲೇ ಮಿಶ್ರಣ ಮಾಡಬಹುದು: 10 ಕೆಜಿಗೆ ಗೋಧಿ ಬೂಸ 4 ಕೆಜಿ, ಮೆಕ್ಕೆಜೋಳದ ನುಚ್ಚು 2.5 ಕೆಜಿ, ಕೊಬ್ಬರಿ ಹಿಂಡಿ 1.7 ಕೆಜಿ, ಕಡಲೆಕಾಯಿ ಹಿಂಡಿ 1.5 ಕೆಜಿ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ತಿಪಟೂರು ಕಡೆಯ ಗಾಣಗಳಲ್ಲಿ ಕೊಬ್ಬರಿ ಹಿಂಡಿ ತಾಜಾ ಸಿಗುತ್ತದೆ. ಕಮಟು ವಾಸನೆಯದು ಬೇಡ. ಮಿಶ್ರಣಕ್ಕೆ ನೀರು ಚಿಮುಕಿಸಿ ಕೊಡಿ, ಇಲ್ಲವಾದರೆ ಧೂಳು ಮೂಗಿಗೆ ಹೋಗುತ್ತದೆ. ತಿಂದು ಬಿಟ್ಟದ್ದನ್ನು ಅಂದೇ ತೆಗೆಯಿರಿ. ಒಣಮೇವು ತಿನ್ನುವ ಮರಿಗೆ ನೀರು ಸದಾ ಎದುರಿಗಿರಬೇಕು.

ಎಚ್ಚರಿಕೆ. ನಮ್ಮ ಅಕ್ಕಡಿ ಸಾಲಿನಲ್ಲಿ ಅವರೆಯ ಜೊತೆ ಹರಳು ಗಿಡವೂ ಇರುತ್ತದೆ. ಅದರ ಎಲೆ, ಬೀಜ ಎರಡೂ ವಿಷ. ಕಂತೆ ಕಟ್ಟುವಾಗಲೇ ಆರಿಸಿ. ಎಳೆ ಜೋಳದ ಗರಿ, ಟೊಮೆಟೊ, ಆಲೂಗಡ್ಡೆ ಗಿಡ, ಲಂಟಾನ ಬೇಡ. ಕಾಯಿಕೊರಕಕ್ಕೆ ಔಷಧಿ ಹೊಡೆದ ಅವರೆಯಾದರೆ, ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯದೆ ಬಳ್ಳಿ ಮುಟ್ಟಬೇಡಿ. ಹೊಲದಲ್ಲಿ ಸಿಕ್ಕ ಕಾಡುಮೊಲವನ್ನು ಗೂಡಿಗೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕುವುದಕ್ಕೆ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾದಂಥ ತಳಿಗಳಿವೆ.

ವಾರಕ್ಕೊಮ್ಮೆ ಅದೇ ದಿನ, ಅದೇ ಹೊತ್ತಿಗೆ ತೂಕ ಮಾಡಿ ಬರೆದಿಡಿ. ದಿನಕ್ಕೆ 15–25 ಗ್ರಾಂ ಏರುತ್ತಿದ್ದರೆ ಬಳ್ಳಿ ಒಗ್ಗಿದೆ. ಅದಕ್ಕಿಂತ ಕಡಿಮೆಯಾದರೆ ಬಳ್ಳಿಯಲ್ಲಿ ಎಲೆ ಎಷ್ಟಿದೆ ನೋಡಿ, ಒಂದು ಹಿಡಿ ಕುದುರೆ ಮೆಂತ್ಯ ಸೇರಿಸಿ. ಹಿಕ್ಕೆ ತೆಳುವಾದರೆ ಆ ದಿನ ಮಿಶ್ರಣ, ಹಸಿಸೊಪ್ಪು ನಿಲ್ಲಿಸಿ, ಚೆನ್ನಾಗಿ ಒಣಗಿದ ಬಳ್ಳಿ ಮತ್ತು ನೀರು ಮಾತ್ರ ಇಡಿ. ಹೊಟ್ಟೆ ಉಬ್ಬರಿಸಿ ಮರಿ ಮೂಲೆ ಹಿಡಿದರೆ ಮರುದಿನಕ್ಕೆ ಕಾಯದೆ ಪಶು ಆಸ್ಪತ್ರೆಗೆ ಒಯ್ಯಿರಿ.