ಋತುಬಂಧದ ತರುವಾಯ ಕಂಡ ರಕ್ತ

ಪ್ರಶ್ನೆ: ನನಗೆ 59 ವರ್ಷ, ಮುಟ್ಟು ನಿಂತು ಎಂಟು ವರ್ಷಗಳಾದವು. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುತ್ತಿದ್ದೇನೆ, ಮೈಯೂ ಸ್ವಲ್ಪ ಸ್ಥೂಲ. ಕಳೆದ ತಿಂಗಳು ಎರಡು ದಿನ ಬಟ್ಟೆಯಲ್ಲಿ ರಕ್ತದ ಕಲೆ ಕಾಣಿಸಿಕೊಂಡು, ನೋವೇನೂ ಇಲ್ಲದೆ ತಾನಾಗಿಯೇ ನಿಂತಿತು. ಉಷ್ಣವಾಗಿದೆ, ಎಳನೀರು ಕುಡಿ ಎಂದು ಅತ್ತಿಗೆ ಹೇಳಿದರು. ಸೊಸೆಯ ಒತ್ತಾಯಕ್ಕೆ ಸ್ಕ್ಯಾನಿಂಗ್ ಮಾಡಿಸಿದರೆ ಗರ್ಭಕೋಶದ ಒಳಪೊರೆ 9 ಮಿ.ಮೀ. ದಪ್ಪವಿದೆಯೆಂದು ಬಂದಿದೆ. ಈಗ ರಕ್ತ ನಿಂತಿರುವುದರಿಂದ ಸುಮ್ಮನಿರಬಹುದೆ? ಗರ್ಭಕೋಶ ತೆಗೆಸಿಬಿಟ್ಟರೆ ಚಿಂತೆಯೇ ಇಲ್ಲವೆಂದು ವೈದ್ಯರೊಬ್ಬರು ಹೇಳುತ್ತಾರೆ. ಹಾಗೆ ಮಾಡಲೆ?
— ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ತಾಯಿ, ಸುಮ್ಮನಿರಲೂ ಕೂಡದು, ಕಾರಣವನ್ನರಿಯದೆ ಗರ್ಭಕೋಶವನ್ನು ತೆಗೆಸಲೂ ಕೂಡದು. ಈ ಎರಡರ ನಡುವೆ ಮಾಡಬೇಕಾದುದೊಂದಿದೆ. ಅದು ಆ ಒಳಪೊರೆಯ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನೋಡುವುದು.

ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟು ಕಾಣದಿದ್ದಲ್ಲಿ ಋತುಬಂಧವಾಯಿತೆಂದು ವೈದ್ಯಶಾಸ್ತ್ರ ಎಣಿಸುತ್ತದೆ. ಆ ಬಳಿಕ ಕಾಣುವ ರಕ್ತವು ಧಾರಾಳವಾಗಿರಲಿ, ಕಂದುಬಣ್ಣದ ಒಂದು ಕಲೆಯಷ್ಟೇ ಆಗಿರಲಿ, ಅದನ್ನು ಮುಟ್ಟೆಂದು ಭಾವಿಸುವಂತಿಲ್ಲ. ಹೋದ ಮುಟ್ಟು ಮರಳಿತೆಂದು ಒಳಗೊಳಗೇ ಸಂತೋಷಪಟ್ಟವರನ್ನೂ, ನಾಚಿಕೆಯಿಂದ ಮಕ್ಕಳಿಗೆ ಹೇಳದೆ ವರ್ಷಗಟ್ಟಲೆ ಬಟ್ಟೆ ಒಗೆದುಕೊಂಡವರನ್ನೂ ನಾನು ಕಂಡಿದ್ದೇನೆ. ಸ್ರಾವದ ಪ್ರಮಾಣಕ್ಕೂ ಅದರ ಕಾರಣದ ಗಾಂಭೀರ್ಯಕ್ಕೂ ಯಾವ ಸಂಬಂಧವೂ ಇಲ್ಲ. ನೋವಿಲ್ಲವೆಂಬುದಾಗಲಿ, ತಾನಾಗಿ ನಿಂತಿತೆಂಬುದಾಗಲಿ ಅಭಯದ ಲಕ್ಷಣವಲ್ಲ. ಎಳನೀರು ಕುಡಿಯುವುದರಿಂದ ಹಾನಿಯಿಲ್ಲ, ಆದರೆ ಅದನ್ನು ಕುಡಿಯುತ್ತ ಕಳೆದುಹೋಗುವ ತಿಂಗಳುಗಳಿಂದ ಹಾನಿಯುಂಟು. ತಮಗೆ ಸಕ್ಕರೆ ಕಾಯಿಲೆ ಬೇರೆ ಇರುವುದರಿಂದ ಎಳನೀರನ್ನೂ ಮಿತಿಯಲ್ಲೇ ಕುಡಿಯಿರಿ.

ಭಯಪಡಬೇಕಾದ ಕಾರಣಗಳಿಗಿಂತ ಸಾಧಾರಣ ಕಾರಣಗಳೇ ಹೆಚ್ಚು ಎಂಬುದನ್ನೂ ಹೇಳಬೇಕು. ಅಂಡಾಶಯಗಳು ವಿಶ್ರಾಂತಿ ಪಡೆದು ಈಸ್ಟ್ರೋಜನ್ ಹಾರ್ಮೋನು ಇಳಿದುಹೋದ ಮೇಲೆ ಯೋನಿಮಾರ್ಗದ ಚರ್ಮವೂ ಗರ್ಭಕೋಶದ ಒಳಪೊರೆಯೂ ತೆಳುವಾಗಿ, ಒಣಗಿ, ಅಲ್ಪ ಘರ್ಷಣೆಗೂ ರಕ್ತ ಒಸರುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ಒಳಪೊರೆಯಲ್ಲಿ ಬೆಳೆದ ಪಾಲಿಪ್ ಎಂಬ ಮೃದುವಾದ ಗಂಟು ಇನ್ನೊಂದು. ಒಳಪೊರೆ ಮಿತಿಮೀರಿ ದಪ್ಪವಾಗುವುದು ಮತ್ತೊಂದು. ಹೀಗೆ ರಕ್ತ ಕಂಡವರಲ್ಲಿ ಒಳಪೊರೆಯ ಕ್ಯಾನ್ಸರ್ ಇರುವವರು ನೂರಕ್ಕೆ ಸುಮಾರು ಹತ್ತು ಮಂದಿ. ಆದರೆ ಲೆಕ್ಕವನ್ನು ಆ ಕಡೆಯಿಂದ ನೋಡಿದರೆ, ಆ ಕ್ಯಾನ್ಸರ್ ಇರುವ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಗೆ ಕಂಡ ಮೊದಲ ಚಿಹ್ನೆ ಈ ರಕ್ತವೇ. ಅದನ್ನು ಕಂಡೊಡನೆ ಬಂದವರಲ್ಲಿ ರೋಗವು ಬಹುಮಟ್ಟಿಗೆ ಗರ್ಭಕೋಶದೊಳಗೇ ಇರುವುದರಿಂದ ಸಂಪೂರ್ಣ ಗುಣವಾಗುವ ಸಂಭವ ಹೆಚ್ಚು.

ತಮ್ಮ ಸ್ಥೂಲತೆಯೂ ಸಕ್ಕರೆ ಕಾಯಿಲೆಯೂ ಇಲ್ಲಿ ಅಪ್ರಸ್ತುತವಲ್ಲ. ಅಂಡಾಶಯಗಳು ನಿಂತರೂ, ಅಡ್ರಿನಲ್ ಗ್ರಂಥಿಗಳಿಂದ ಬರುವ ರಸವಸ್ತುವನ್ನು ಮೈಯ ಕೊಬ್ಬು ಈಸ್ಟ್ರೋಜನ್ನಾಗಿ ಪರಿವರ್ತಿಸುತ್ತಲೇ ಇರುತ್ತದೆ. ಅದನ್ನು ಹಿಡಿತದಲ್ಲಿಡಬೇಕಾದ ಪ್ರೊಜೆಸ್ಟರಾನ್ ಇಲ್ಲವಾಗಿ ಒಳಪೊರೆಯು ತಡೆಯಿಲ್ಲದೆ ಬೆಳೆಯಲು ಆಸ್ಪದವಾಗುತ್ತದೆ. ಆದುದರಿಂದಲೇ ತಮ್ಮಂಥವರ ವಿಷಯದಲ್ಲಿ ನಾವು ಹೆಚ್ಚು ಜಾಗರೂಕರಾಗಿರುತ್ತೇವೆ.

ಇನ್ನು ಪರೀಕ್ಷೆಯ ಕ್ರಮ. ತಮ್ಮ ಪತ್ರದಲ್ಲಿ ಸ್ಕ್ಯಾನಿಂಗಿನ ಮಾತಿದೆಯೇ ಹೊರತು ವೈದ್ಯರು ಕಣ್ಣಿಂದ ನೋಡಿ ಪರೀಕ್ಷಿಸಿದರೆಂಬ ಮಾತಿಲ್ಲ. ಇದು ನನಗೆ ಸರಿಬೀಳಲಿಲ್ಲ. ಬಟ್ಟೆಯ ಮೇಲಿನ ರಕ್ತವು ಮೂತ್ರದ್ವಾರದಿಂದಲೋ ಮೂಲವ್ಯಾಧಿಯಿಂದಲೋ ಬಂದಿರಬಹುದು. ಜಾರಿದ ಗರ್ಭಕೋಶದ ಹುಣ್ಣಿನಿಂದ ಬಂದಿರಬಹುದು. ಗರ್ಭಕೋಶ ಜಾರದಂತೆ ಹಿಂದೆಂದೋ ಹಾಕಿಸಿ ಮರೆತ ರಿಂಗಿನಿಂದಲೂ ಬಂದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ನಮ್ಮ ದೇಶದಲ್ಲಿ ಇಂದಿಗೂ ವಿರಳವಲ್ಲ. ಸ್ಪೆಕ್ಯುಲಮ್ ಎಂಬ ಉಪಕರಣವನ್ನಿಟ್ಟು ನೋಡಿದರೆ ಅನೇಕ ವೇಳೆ ಒಂದು ನಿಮಿಷದಲ್ಲಿ ಕಾಣುವುದನ್ನು ಸ್ಕ್ಯಾನಿಂಗ್ ತಪ್ಪಿಸಿಬಿಡಬಹುದು. ಪ್ಯಾಪ್ ಪರೀಕ್ಷೆಯೂ ಆಗಲಿ, ಆದರೆ ಅದು ಗರ್ಭಕೋಶದ ಬಾಯಿಗೆ ಸಂಬಂಧಿಸಿದ್ದು. ಅದು ಚೆನ್ನಾಗಿದ್ದ ಮಾತ್ರಕ್ಕೆ ಒಳಪೊರೆ ಚೆನ್ನಾಗಿದೆಯೆಂದು ಹೇಳಲಾಗದು. ಹೋಗುವಾಗ ತಾವು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಕೊಂಡೊಯ್ಯಿರಿ: ಸ್ತನದ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಒಳಪೊರೆಯನ್ನು ದಪ್ಪವಾಗಿಸುತ್ತದೆ, ರಕ್ತ ತೆಳುವಾಗಿಸುವ ಮಾತ್ರೆಗಳು ಸ್ರಾವವನ್ನು ಹೆಚ್ಚಿಸಬಲ್ಲವು, ಆದರೆ ಅಪರಾಧವನ್ನೆಲ್ಲ ಅವುಗಳ ಮೇಲೆ ಹೊರಿಸಿ ಪರೀಕ್ಷೆಯನ್ನು ಬಿಡತಕ್ಕದ್ದಲ್ಲ.

ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗಿನಲ್ಲಿ ಒಳಪೊರೆ 4 ಮಿ.ಮೀ. ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರಿನ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅದಕ್ಕೆ ಮೀರಿದ್ದರೆ ಕ್ಯಾನ್ಸರ್ ಎಂದರ್ಥವಲ್ಲ, ಚೂರು ತೆಗೆದು ನೋಡಬೇಕೆಂದರ್ಥ. ತಮ್ಮ 9 ಮಿ.ಮೀ. ಹೇಳುವುದು ಇಷ್ಟೇ. ಇದಕ್ಕೆ ಬಾಲ್‌ಪೆನ್ನಿನ ರೀಫಿಲ್ಲಿನಷ್ಟು ತೆಳುವಾದ ಪ್ಲಾಸ್ಟಿಕ್ ನಳಿಕೆಯೊಂದಿದೆ. ಅದನ್ನು ಗರ್ಭಕೋಶದೊಳಕ್ಕೆ ಸರಿಸಿ, ಒಳಗಿನ ಕಡ್ಡಿಯನ್ನು ಹಿಂದಕ್ಕೆಳೆದು ತಿರುಗಿಸಿದರೆ ಒಳಪೊರೆಯ ಎಳೆಗಳು ತಾವಾಗಿ ನಳಿಕೆಗೆ ಸೇರುತ್ತವೆ. ಅವನ್ನು ಫಾರ್ಮಲಿನ್ ಸೀಸೆಗೆ ಹಾಕಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅರಿವಳಿಕೆ ಸಾಮಾನ್ಯವಾಗಿ ಬೇಡ. ಹಿಂದೆ ಮುಟ್ಟಿನಲ್ಲಿ ಬರುತ್ತಿದ್ದಂಥ ಕಿಬ್ಬೊಟ್ಟೆಯ ನೋವು ಕೆಲವು ನಿಮಿಷ ಬಂದು ಹೋಗುತ್ತದೆ, ಅಂದೇ ಮನೆಗೆ ಹಿಂದಿರುಗಬಹುದು. ಚೂರು ಸಾಲದೆ ಹೋದರೆ, ಅಥವಾ ಪಾಲಿಪ್ ಇರುವ ಸಂಶಯವಿದ್ದರೆ, ಹಿಸ್ಟರೋಸ್ಕೋಪಿ ಮಾಡಿ ದೀಪದ ಬೆಳಕಿನಲ್ಲಿ ಒಳಗನ್ನು ನೋಡುತ್ತ ತೆಗೆಯುವುದು ಯುಕ್ತ. ಜನರು ಗರ್ಭಕೋಶ ಕ್ಲೀನ್ ಮಾಡಿಸುವುದು ಎನ್ನುವ ಡಿ ಅಂಡ್ ಸಿಯಲ್ಲಿ ಕಾಣದೆ ಕೆರೆಯುವುದರಿಂದ ಎಷ್ಟೋ ಭಾಗ ಉಳಿದುಬಿಡುತ್ತದೆ.

ಗರ್ಭಕೋಶ ತೆಗೆಸುವ ಸಲಹೆಯನ್ನು ನಾನು ಏಕೆ ಒಪ್ಪುವುದಿಲ್ಲವೆಂದರೆ, ವರದಿಯಲ್ಲಿ ಪಾಲಿಪ್ ಎಂದು ಬಂದರೆ ಅದನ್ನಷ್ಟೇ ತೆಗೆದರಾಯಿತು. ಜೀವಕೋಶಗಳು ವಿಕೃತವಾಗದೆ ಬರಿದೆ ದಪ್ಪವಾಗಿದ್ದರೆ ಪ್ರೊಜೆಸ್ಟರಾನ್ ಮಾತ್ರೆಯೋ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನವೋ ಸಾಕಾಗುತ್ತದೆ. ವಿಕೃತಿ ಕಂಡರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಕ್ಯಾನ್ಸರ್ ಎಂದೇ ಬಂದರೆ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬೇರೆ: ಅಂಡಾಶಯ, ಅಂಡನಾಳಗಳನ್ನೂ, ಕೆಲವೊಮ್ಮೆ ದುಗ್ಧಗ್ರಂಥಿಗಳನ್ನೂ ತೆಗೆಯಬೇಕಾಗುವುದರಿಂದ ಅದನ್ನು ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಾಡಿಸುವುದೇ ಲೇಸು. ತಿಳಿಯದೆ ಸಾಧಾರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವರದಿ ಬಂದ ಮೇಲೆ ಎರಡನೆಯ ಬಾರಿ ಮೇಜಿನ ಮೇಲೆ ಮಲಗಬೇಕಾದೀತು. ನಮ್ಮ ಹಳ್ಳಿಗಳಲ್ಲಿ ಬಿಳಿಸೆರಗಿಗೂ ಬೆನ್ನುನೋವಿಗೂ ಗರ್ಭಕೋಶ ತೆಗೆಯುವ ಪದ್ಧತಿ ಬೆಳೆದಿರುವುದು ವೈದ್ಯವೃತ್ತಿಗೆ ಭೂಷಣವಲ್ಲ.

ಪ್ರಶ್ನೆ: ನಮ್ಮ ತಾಯಿಗೆ 66 ವರ್ಷ. ರಕ್ತ ಕಂಡಾಗ ಸ್ಕ್ಯಾನಿಂಗಿನಲ್ಲಿ ಒಳಪೊರೆ 3 ಮಿ.ಮೀ. ಎಂದು ಬಂತು, ಯೋನಿ ಒಣಗಿದೆಯೆಂದು ಮುಲಾಮು ಕೊಟ್ಟರು. ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಕಂಡಿದೆ. ಪುನಃ ಮುಲಾಮನ್ನೇ ಹಚ್ಚಿದರೆ ಸಾಲದೆ?

ಉತ್ತರ: ಸಾಲದು. ಮೊದಲ ಬಾರಿ ವೈದ್ಯರು ಮಾಡಿದ್ದು ಸರಿಯೇ. ಆದರೆ ತೆಳುವಾದ ಒಳಪೊರೆಯಲ್ಲೂ ಬೆಳೆಯಬಲ್ಲ, ವಿರಳವಾದರೂ ಉಗ್ರವಾದ, ಒಂದು ಜಾತಿಯ ಕ್ಯಾನ್ಸರ್ ಉಂಟಾದ್ದರಿಂದ, ರಕ್ತವು ಎರಡನೆಯ ಬಾರಿ ಕಂಡಾಗ ಮಿಲಿಮೀಟರಿನ ಲೆಕ್ಕವನ್ನು ನೆಚ್ಚಿ ಕೂರದೆ ಚೂರು ತೆಗೆದು ಪರೀಕ್ಷಿಸಲೇಬೇಕು. ಮುಲಾಮನ್ನು ಮುಂದುವರಿಸುವ ವಿಷಯವನ್ನು ಆ ವರದಿಯನ್ನು ನೋಡಿ ವೈದ್ಯರು ತೀರ್ಮಾನಿಸಲಿ. ತಾಯಿಯವರು ಸಂಕೋಚಪಟ್ಟು ಹಿಂಜರಿದರೂ ದಯವಿಟ್ಟು ಈ ವಾರವೇ ಕರೆದುಕೊಂಡು ಹೋಗಿರಿ.