ಷರಾ ಕಾಲಂ

ಕೊಪ್ಪಳ

ಮಗಳೇ,

ನಿನ್ನ ಚಿಗವ್ವ ಮೊಣಕಾಲು ನೋವು ಅಂತಾಳೆ, ಆದರೆ ಗವಿಮಠದ ಮೆಟ್ಟಿಲು ಹತ್ತುವುದನ್ನು ಬಿಟ್ಟಿಲ್ಲ. ಮೊನ್ನೆ ನೀನು ಫೋನಿನಲ್ಲಿ ಅಂದ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಗಂಗಾವತಿಯ ಕಾಲುವೆ ಭಾಗಕ್ಕೆ ಹಿಂದೆ ಯಾರೋ ಮಾಡಿದ ಅಂತರ್ಜಲ ಮಾದರಿಯ ಬಾವಿಗಳ ಅಂಕಿಗಳನ್ನು, ಕುಷ್ಟಗಿ-ಯಲಬುರ್ಗಾ ಸೇರಿಸಿ ಮಾಡುವ ಹೊಸ ಮಾದರಿಗೆ ದಾಟಿಸಬೇಕಂತೆ. "ಅರ್ಧ ದಿನದ ಕೆಲಸ ಕಾಕಾ, ಎಕ್ಸೆಲ್‌ನಿಂದ ಎಕ್ಸೆಲ್‌ಗೆ" ಅಂದಿ. ಮೂವತ್ತು ವರ್ಷ ಬಾವಿಗೆ ಟೇಪು ಬಿಟ್ಟವನಿಗೆ ಆ ರಾತ್ರಿ ನಿದ್ದೆ ಎಲ್ಲಿ ಬರಬೇಕು!

ನಮ್ಮ ಕಾಲದ ರಿಜಿಸ್ಟರಿನಲ್ಲಿ ಊರು, ತಾಲೂಕು, ಬಾವಿ ನಂಬರು, ತಾರೀಖು, ನೀರಿನ ಆಳ, ಕಡೆಗೆ ಅಂಚಿನಲ್ಲಿ ಷರಾ ಅಂತ ಒಂದು ಕಾಲಂ ಇರುತ್ತಿತ್ತು. ಕಂಪ್ಯೂಟರಿಗೆ ಏರಿಸುವಾಗ ಅಂಕಿಗಳೆಲ್ಲ ಏರಿದವು, ಷರಾ ಕೆಳಗೇ ಉಳಿಯಿತು. ನನ್ನ ದುಃಖ ಅಷ್ಟೇ.

ಮೊದಲು ವಿಳಾಸದ ಮಾತು. 1997ರ ಆಗಸ್ಟಿಗೆ ಮುಂಚಿನ ಪುಟಗಳಲ್ಲಿ ಕೊಪ್ಪಳ ಜಿಲ್ಲೆಯೇ ಇಲ್ಲ, ಎಲ್ಲಾ ರಾಯಚೂರು. ಆಮೇಲೆ ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರೆಯಾದವು, ಯಲಬುರ್ಗಾದಿಂದ ಕುಕನೂರು ಹೋಯಿತು. ಬಾವಿ ಇದ್ದಲ್ಲೇ ಇದೆ, ಆದರೆ ಮೂರು ಕಡತಗಳಲ್ಲಿ ಅದಕ್ಕೆ ಮೂರು ವಿಳಾಸ. ಊರ ಹೆಸರಿನ ಕಾಗುಣಿತ ಬೇರೆ ಒಬ್ಬೊಬ್ಬ ಗುಮಾಸ್ತನಿಗೆ ಒಂದೊಂದು ತರಹ. ಹೆಸರು ನಂಬಿ ಜೋಡಿಸಿದರೆ ಒಂದೇ ಬಾವಿ ಎರಡಾಗಿ ಕೂರುತ್ತದೆ, ಎರಡು ಪಂಪು ನೀರು ಎತ್ತುತ್ತವೆ.

ಹಾಗಾದರೆ ಅಕ್ಷಾಂಶ-ರೇಖಾಂಶ ನಂಬುತ್ತೇನೆ ಅಂತೀಯ. ನಂಬು, ಆದರೆ ಅದು ಎಲ್ಲಿಂದ ಬಂತು ಕೇಳು. ಜಿಪಿಎಸ್ ಇಲ್ಲದ ದಿನಗಳಲ್ಲಿ ನಾವು ಸರ್ವೆ ಆಫ್ ಇಂಡಿಯಾದ ನಕ್ಷೆ ಹಾಸಿ, ಸ್ಕೇಲು ಇಟ್ಟು ಬಾವಿ ಗುರುತಿಸುತ್ತಿದ್ದೆವು. ಜಿಲ್ಲೆಯ ಬಹುಪಾಲು 57ಎ ಹಾಳೆಗಳಲ್ಲಿದೆ. ಯಲಬುರ್ಗಾ ಪಟ್ಟಣ 76 ಡಿಗ್ರಿ ರೇಖಾಂಶದ ಅಂಚಿಗೇ ಕೂತಿರುವುದರಿಂದ ಪಡುವಣ ಊರುಗಳಿಗೆ 48ಎಂ ಹಾಳೆ ಬಿಚ್ಚಬೇಕಿತ್ತು. ಆ ಹಳೇ ನಕ್ಷೆಗಳೆಲ್ಲ ಎವರೆಸ್ಟ್ ಲೆಕ್ಕದವು, ನಿನ್ನ ಜಿಪಿಎಸ್ ಡಬ್ಲ್ಯೂಜಿಎಸ್ 84ರದು. ಬದಲಾಯಿಸದೆ ಹಾಕಿದರೆ ಬಾವಿ ನೂರು ಮೀಟರಿಗೂ ಹೆಚ್ಚು ಸರಿದು, ಹಳ್ಳದ ಈ ದಂಡೆಯದು ಆ ದಂಡೆಗೆ ಹೋಗಿಬಿಡುತ್ತದೆ.

ಇನ್ನು ಅಳತೆ. ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಇಳಿಬಿಡುವುದು, ಮೇಲೆತ್ತಿದಾಗ ತೊಯ್ದ ಭಾಗ ಕಳೆಯುವುದು, ಆಮೇಲೆ ಬಾವಿಕಟ್ಟೆಯ ಎತ್ತರ ಕಳೆಯುವುದು. ಆಗ ನೆಲದಿಂದ ನೀರಿನ ಆಳ ಸಿಗುತ್ತದೆ. ಕುಷ್ಟಗಿ ಕಡೆಯ ಒಂದೂರಲ್ಲಿ ಒಂದಡಿ ಇದ್ದ ಕಟ್ಟೆಯನ್ನು, ಮಕ್ಕಳು ಬಿದ್ದಾರೆಂದು ಎರಡೂವರೆ ಅಡಿಗೆ ಏರಿಸಿದರು. ನಾನು ಷರಾದಲ್ಲಿ 'ಕಟ್ಟೆ ಹೊಸದು' ಅಂತ ಬರೆದೆ. ಕಳೆಯುವವರು ಮಾತ್ರ ಹಳೇ ಒಂದಡಿಯನ್ನೇ ಕಳೆಯುತ್ತ ಹೋದರು. ಕೆಲವು ವರ್ಷದ ಮೇಲೆ ಒಬ್ಬ ಹುಡುಗ ಬಂದು, ಸುತ್ತಲಿನ ದಾಳಿಂಬೆ ತೋಟದ ಬೋರುಗಳಿಂದ ನೀರು ಒಂದೂವರೆ ಅಡಿ ಕುಸಿದಿದೆ ಅಂತ ಗ್ರಾಫ್ ತೋರಿಸಿದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದಕ್ಕಿಂತ ದೊಡ್ಡ ಮೋಸ ತೆರೆದ ಬಾವಿ ಬತ್ತಿದಾಗ ಆಗುತ್ತದೆ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಮೇಲೆ ಕೊಳೆತ ಕಲ್ಲು, ಕೆಳಗೆ ಬಿರುಕು. ತೆರೆದ ಬಾವಿಗೆ ಸಿಗುವುದು ಮೇಲಿನ ನೀರು, ಬೋರಿಗೆ ಬರುವುದು ಬಿರುಕಿನ ನೀರು. ಬಾವಿ ಬತ್ತಿದ ಮೇಲೆ ಪಕ್ಕದಲ್ಲೇ ಬೋರು ಕೊರೆದು, ಅದೇ ನಂಬರಿನಲ್ಲಿ ಅಳತೆ ಮುಂದುವರಿಸಿದ್ದುಂಟು. ನಂಬರು ಒಂದೇ, ನೀರು ಬೇರೆ. ನಿನ್ನ ಮಾದರಿಯಲ್ಲಿ ಅವೆರಡು ಎರಡು ಪದರಕ್ಕೆ ಹೋಗಬೇಕು. ಬೋರಿನ ಆಳ, ಕೇಸಿಂಗ್ ಎಲ್ಲಿಯವರೆಗೆ ಇಳಿದಿದೆ ಅನ್ನುವುದಿಲ್ಲದೆ ಬಂದ ಸಾಲನ್ನು ಪಕ್ಕಕ್ಕಿಡು.

ಈಗ ಸೊನ್ನೆಯ ಕಥೆ, ಇದು ನನ್ನದೇ ತಪ್ಪು. ಆಳದ ಕಾಲಮಿನಲ್ಲಿ 'ಬತ್ತಿದೆ' ಅಂತ ಬರೆದರೆ ಕಂಪ್ಯೂಟರು ಅಕ್ಷರ ಒಪ್ಪದು ಅಂತ ಹೇಳಿದರು. ಸರಿ ಅಂತ 0 ಹಾಕಿದೆ. ಯಂತ್ರ ಅದನ್ನು 'ನೀರು ನೆಲದ ಮಟ್ಟಕ್ಕೇ ಇದೆ' ಅಂತ ಓದಿತು! ಗಂಗಾವತಿಯಲ್ಲಾದರೆ ಅಂಥ ಸೊನ್ನೆ ನಿಜವೂ ಆದೀತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗೆ ನಿಂತ ಮೇಲೆ ಎಷ್ಟೋ ಹೊಲ ಸವಳು-ಜವಳಾಗಿವೆ, ಮೊಣಕಾಲುದ್ದ ಅಗೆದರೆ ನೀರು. ಅದೇ ಸೊನ್ನೆ ಕುಷ್ಟಗಿಯಲ್ಲಿ ಬಂತೆಂದರೆ ಬಾವಿಯ ತಳ ಕಾಣುತ್ತಿದೆ ಅಂತ ಅರ್ಥ. ಎರಡೂ ತಾಲೂಕನ್ನು ಒಂದೇ ಹಾಳೆಗೆ ಸುರಿಯಲು ಹೊರಟವಳು ನೀನು.

ತಾರೀಖೂ ಹಾಗೇ. ಕೇಂದ್ರ ಅಂತರ್ಜಲ ಮಂಡಳಿಯವರು ಜನವರಿ, ಮೇ, ಆಗಸ್ಟ್, ನವೆಂಬರ್ ಅಂತ ವರ್ಷಕ್ಕೆ ನಾಲ್ಕು ಸಲ ಅಳೆಯುವ ಪದ್ಧತಿ. 05-08 ಅಂತಿದ್ದರೆ ನಮಗೆ ಆಗಸ್ಟ್ ಐದು, ಅಮೆರಿಕದ ರೂಢಿಯಲ್ಲಿಟ್ಟ ಕಂಪ್ಯೂಟರಿಗೆ ಮೇ ಎಂಟು. ಮಳೆಗಾಲದ ನೀರು ಬೇಸಿಗೆಗೆ ಬಂದು ಕೂರುತ್ತದೆ.

ಪಂಪಿನ ಲೆಕ್ಕಕ್ಕೆ ಬಾ. ಬೋರು ಕೊರೆಯುವವರು ವಿ ಆಕಾರದ ಕಚ್ಚು ಇರುವ ತಗಡಿನಲ್ಲಿ ಹರಿಯುವ ನೀರಿನ ಎತ್ತರ ನೋಡಿ 'ಎರಡು ಇಂಚು ನೀರು' ಅಂತಾರೆ. ಕಚ್ಚು ಮೇಲೆ ಹೋದಂತೆ ಅಗಲವಾಗುತ್ತದಲ್ಲ, ಹಾಗಾಗಿ ಎರಡಿಂಚು ಒಂದಿಂಚಿನ ಇಮ್ಮಡಿಯಲ್ಲ, ಐದೂವರೆ ಪಟ್ಟಿಗೂ ಮಿಕ್ಕಿ. ನಾಲ್ಕಿಂಚು 32 ಪಟ್ಟು. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಎರಡಿಂಚು ಅಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್. ಊರಿನ ಬೋರುಗಳ ಇಂಚುಗಳನ್ನು ಕೂಡಿ ಸರಾಸರಿ ತೆಗೆದ ಮಹಾನುಭಾವರನ್ನು ನಾನು ಕಂಡಿದ್ದೇನೆ. ಇನ್ನೊಂದು, ನೀನು ಬಳಸುವ ಮಾಡ್‌ಫ್ಲೋ ತಂತ್ರಾಂಶದಲ್ಲಿ ಎತ್ತುವ ನೀರಿಗೆ ಮೈನಸ್ ಗುರುತು ಬೇಕು. ರೈತರ ಪಟ್ಟಿಯಲ್ಲಿ ಮೈನಸ್ ಯಾರು ಬರೆಯುತ್ತಾರೆ? ಮರೆತರೆ ಯಲಬುರ್ಗಾದ ಬೋರುಗಳೆಲ್ಲ ಹಗಲೂ ರಾತ್ರಿ ನೆಲದೊಳಗೆ ನೀರು ಸುರಿಯತೊಡಗುತ್ತವೆ. ಪುಣ್ಯದ ಕೆಲಸವೇ ಬಿಡು.

ಇವೆಲ್ಲ ತಪ್ಪುಗಳು ನಕ್ಷೆಯಲ್ಲಿ ಎದ್ದು ಕಾಣುತ್ತವೆ, ನಿನ್ನಂಥ ಜಾಣೆಗೆ ಸಿಕ್ಕೇ ಸಿಗುತ್ತವೆ. ಸಿಗದ ತಪ್ಪು ಒಂದಿದೆ. ಹಳೇ ಮಾದರಿಯ ಕಡತದಲ್ಲಿ ಇರುವ ಪಂಪಿನ ಅಂಕಿಗಳಲ್ಲಿ ಎಷ್ಟೋ ಯಾರೂ ಅಳೆದವಲ್ಲ. ಲೆಕ್ಕದ ನೀರಿನ ಮಟ್ಟ, ಬಾವಿಯ ನೀರಿನ ಮಟ್ಟ ಎರಡೂ ಕೂಡುವ ತನಕ ಆ ಮಾದರಿ ಮಾಡಿದವರು ಹಿಗ್ಗಿಸಿ ಕುಗ್ಗಿಸಿ ಕೂರಿಸಿದ ಅಂಕಿಗಳವು. ಅಳತೆ ತಪ್ಪಿದ ತಿಂಗಳುಗಳನ್ನೂ ಹಿಂದುಮುಂದಿನ ಅಂಕಿ ನೋಡಿ ತುಂಬಿರುತ್ತಾರೆ. ಅವರ ಮಾದರಿಯೊಳಗೆ ಅದು ತಪ್ಪಲ್ಲ. ನೀನು ಅದನ್ನೇ ತಂದು 'ದತ್ತಾಂಶ' ಅಂತ ಹೆಸರಿಟ್ಟರೆ, ಅವರ ಊಹೆಗೆ ನಿನ್ನ ಮಾದರಿ ಸಾಕ್ಷಿ ಹೇಳಿದಂತಾಗುತ್ತದೆ, ಮುಂದಿನವರು ಎರಡೂ ಹೊಂದಿದವು ಅಂತ ಖುಷಿಪಡುತ್ತಾರೆ. ಅದರಲ್ಲೂ ಗಂಗಾವತಿಯ ಮಟ್ಟ ಏರಿಳಿಯುವುದು ಕಾಲುವೆಗೆ ನೀರು ಬಿಟ್ಟಂತೆ, ಕುಷ್ಟಗಿಯದು ಮಳೆ ಬಿದ್ದಂತೆ. ಅಲ್ಲಿಗೆ ಹೊಂದಿಸಿದ ಅಂಕಿ ಇಲ್ಲಿಗೆ ಹೇಗೆ ಒಗ್ಗೀತು? ಪ್ರತಿ ಅಂಕಿಯ ಪಕ್ಕ ಅಳೆದದ್ದು, ತುಂಬಿದ್ದು, ಹೊಂದಿಸಿದ್ದು ಅಂತ ಒಂದು ಗುರುತು ಹಾಕು. ಗೊತ್ತಾಗದಿದ್ದರೆ ಗೊತ್ತಿಲ್ಲ ಅಂತಲೇ ಬರೆ.

ಅರ್ಧ ದಿನದ ಕೆಲಸವನ್ನು ಕಾಕಾ ಅರ್ಧ ವರ್ಷದ್ದು ಮಾಡಿದ ಅಂತ ಬೈಯಬೇಡ. ಎಲ್ಲಾ ಬಾವಿಗೂ ಹೋಗೆನ್ನುವುದಿಲ್ಲ, ಅನುಮಾನ ಬಂದ ಹತ್ತಿಪ್ಪತ್ತು ಸಾಕು. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಬಾ, ಅದು ಅಳತೆಯ ತಿಂಗಳೂ ಹೌದು. ಬೈಕಿನಲ್ಲಿ ನಿನ್ನನ್ನು ಹಿಂದೆ ಕೂರಿಸಿಕೊಂಡು ಹೋಗುವಷ್ಟು ಕಸುವು ಇನ್ನೂ ಇದೆ. ದಾಸೋಹದ ಮಾದಲಿ ತಿಂದು ಹೊರಟರೆ ಸಂಜೆಯೊಳಗೆ ಕುಷ್ಟಗಿ ಕಡೆಯ ನಾಲ್ಕು ಬಾವಿ ಮುಗಿಸಬಹುದು.

ಅಲ್ಲಿಯತನಕ ನಿನಗಿರಲಿ ಅಂತ ನನ್ನ ಟೇಪನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ತುದಿಯ ಒಂದು ಅಡಿ ತುಂಡಾಗಿ ಹೋಗಿದೆ, ಓದಿದ ಅಂಕಿಯಿಂದ ಒಂದಡಿ ಕಳೆಯಬೇಕು. ಡಬ್ಬಿಯ ಮೇಲೆ ಬರೆದಿದ್ದೇನೆ, ಅಳಿಸೀತು, ನೀನೂ ಒಂದು ಕಡೆ ಬರೆದಿಟ್ಟುಕೋ.

ಇಂತಿ ನಿನ್ನ
ಕಾಕಾ